ಸೊಸೈಟಿ ಷೇರಿನಿಂದ ರೆಫರಲ್ ಚೀಟಿಯವರೆಗೆ

ಕಡೂರು, ತರೀಕೆರೆ, ಅಜ್ಜಂಪುರದ ಯಾವ ಮನೆಯಲ್ಲೇ ಆಗಲಿ, ಒಬ್ಬರಿಗೆ ಹೃದ್ರೋಗವೋ ಕ್ಯಾನ್ಸರೋ ಇದೆ ಎಂದು ಗೊತ್ತಾದ ಕೂಡಲೇ ಏಳುವ ಪ್ರಶ್ನೆ: ‘ಕಾರ್ಡ್ ಯಾವುದಿದೆ?’ ಸರ್ಕಾರಿ ಖರ್ಚಿನ ಚಿಕಿತ್ಸೆ ಯಾರಿಗೆ ಸಿಗಬೇಕು ಎಂಬ ಲೆಕ್ಕ ಎರಡು ದಶಕಗಳಲ್ಲಿ ಹಲವು ಸಲ ಬದಲಾಗಿದೆ.

ಮೊದಲು ಬಂದದ್ದು ಸಹಕಾರ ಸಂಘದ ಸದಸ್ಯತ್ವ. ಡಾ. ದೇವಿಶೆಟ್ಟಿಯವರ ಚಿಂತನೆಯಿಂದ ರೂಪುಗೊಂಡು 2003ರ ಜೂನ್‌ನಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯಲ್ಲಿ ರೈತ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಸಾಕಿತ್ತು. ಆದರೆ ಅದು ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ ಸೀಮಿತವಾಗಿತ್ತು. ಸೊಸೈಟಿಯಲ್ಲಿ ಷೇರಿಲ್ಲದ ಕೂಲಿಕಾರ ಹೊರಗೇ ಉಳಿದ.

ಆ ಕೊರತೆ ತುಂಬಲು ಬಂದದ್ದು ವಾಜಪೇಯಿ ಆರೋಗ್ಯಶ್ರೀ. ಇದಕ್ಕೆ ಬಿಪಿಎಲ್ ಕಾರ್ಡೇ ಅರ್ಹತೆ. ಹೃದಯ, ಕ್ಯಾನ್ಸರ್, ಮೂತ್ರಪಿಂಡ, ನರರೋಗ, ಸುಟ್ಟಗಾಯದಂಥ ದೊಡ್ಡ ಕಾಯಿಲೆಗಳಿಗೆ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ, ಅಗತ್ಯ ಬಿದ್ದರೆ ಇನ್ನೂ 50 ಸಾವಿರ. 2010ರಲ್ಲಿ ಕಲಬುರಗಿ ವಿಭಾಗದಲ್ಲಿ ಶುರುವಾದ ಯೋಜನೆ ನಮ್ಮ ಭಾಗಕ್ಕೆ ಬರಲು 2012 ಆಯಿತು. ಅಷ್ಟರೊಳಗೆ ಅದು ತಲುಪಿದ್ದ ಹಳ್ಳಿಗಳನ್ನು ತಲುಪದ ಪಕ್ಕದ ಹಳ್ಳಿಗಳೊಂದಿಗೆ ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದ ಬಡವರ ಸಾವು ಶೇ 64ರಷ್ಟು ಕಡಿಮೆ ಇದ್ದುದನ್ನು ಅದು ತೋರಿಸಿತು. ಅರ್ಹತೆಯ ಗೆರೆಯೇ ಬದುಕು ಸಾವಿನ ಗೆರೆಯೂ ಆಗಿತ್ತು.

2018ರಲ್ಲಿ ಬಿಡಿಬಿಡಿ ಯೋಜನೆಗಳೆಲ್ಲ ಆರೋಗ್ಯ ಕರ್ನಾಟಕದಲ್ಲಿ ಸೇರಿದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆಯುಷ್ಮಾನ್ ಭಾರತವೂ ಜೊತೆಗೂಡಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ಒಂದೂವರೆ ಲಕ್ಷದ ಮಿತಿಯೊಳಗೆ. ಜೊತೆಗೆ ಹೊಸದೊಂದು ಬಾಗಿಲು ಬಂತು: ರೆಫರಲ್. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ್ದಕ್ಕೆ ಚೀಟಿ ಬರೆಸಿಕೊಂಡು ನೋಂದಾಯಿತ ಆಸ್ಪತ್ರೆಗೆ ಹೋಗಬೇಕು. ಕಡೂರಿನವರು ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗೂ ತರೀಕೆರೆ, ಅಜ್ಜಂಪುರದವರು ಶಿವಮೊಗ್ಗದ ಮೆಗ್ಗಾನ್‌ಗೂ, ಕ್ಯಾನ್ಸರ್ ಆದರೆ ಬೆಂಗಳೂರಿನ ಕಿದ್ವಾಯಿಗೂ ಹೋಗುವುದು ರೂಢಿ. ತುರ್ತು ಚಿಕಿತ್ಸೆಗೆ ಮಾತ್ರ ಚೀಟಿ ಬೇಕಿಲ್ಲ. ಯಶಸ್ವಿನಿಯೂ 2023ರ ಜನವರಿಯಿಂದ ಮತ್ತೆ ಜಾರಿಗೆ ಬಂದಿದೆ. ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ.

ಇಷ್ಟಾದರೂ ಬುಡದ ತೊಡಕು ಹಾಗೇ ಇದೆ. ಮೂರು ಹೆಕ್ಟೇರ್, ಅಂದರೆ ಸುಮಾರು ಏಳೂವರೆ ಎಕರೆ ಒಣಭೂಮಿ ಮೀರಿದರೆ ಬಿಪಿಎಲ್ ಕಾರ್ಡ್ ಇಲ್ಲ. ಕಡೂರಿನ ಬಯಲಲ್ಲಿ ಬೋರ್‌ವೆಲ್ ಬತ್ತಿ, ರಾಗಿ ಬಿತ್ತಿ ಮಳೆಗೆ ಕಾಯುವ ಎಂಟು ಎಕರೆಯವನು ಪಹಣಿಯಲ್ಲಿ ಅನುಕೂಲಸ್ಥ. ಅವನ ಹೆಂಡತಿಗೆ ಕ್ಯಾನ್ಸರ್ ಬಂದರೆ ಪ್ಯಾಕೇಜ್ ದರದ ಶೇ 70ನ್ನು ಅವನೇ ಹೊಂದಿಸಬೇಕು. ಜಮೀನು ಮಾರಿ ಬಡವನಾದ ಮೇಲೆ ಅರ್ಹನಾಗುವುದು ಯಾವ ನ್ಯಾಯ?

ಕ್ಯಾನ್ಸರ್, ಹೃದಯ ಶಸ್ತ್ರಚಿಕಿತ್ಸೆ, ಮೂತ್ರಪಿಂಡ ವೈಫಲ್ಯದಂಥ ಕಾಯಿಲೆಗಳಿಗಾದರೂ ಕಾರ್ಡಿನ ಬಣ್ಣ ನೋಡದೆ ರೋಗವನ್ನೇ ಅರ್ಹತೆಯೆಂದು ಸರ್ಕಾರ ಒಪ್ಪಬೇಕು. ಅಲ್ಲಿಯವರೆಗೆ ಓದುಗರು ಮಾಡಬಹುದಾದದ್ದು ಇಷ್ಟು: ರೇಷನ್ ಕಾರ್ಡ್ ಮತ್ತು ಆಧಾರ್‌ನ ಹೆಸರುಗಳನ್ನು ಈಗಲೇ ತಾಳೆ ನೋಡಿ, ತಪ್ಪಿದ್ದರೆ ತಿದ್ದಿಸಿ. ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ನೋಂದಣಿಯ ಅವಧಿ ತಪ್ಪಿಸಬೇಡಿ. ಆಸ್ಪತ್ರೆಗೆ ಹೋದಾಗ ಹಣ ಕಟ್ಟುವ ಮೊದಲು, ಈ ಯೋಜನೆಯ ನೆರವಿಗೆಂದು ಅಲ್ಲಿರುವ ಆರೋಗ್ಯಮಿತ್ರರನ್ನು ಕಂಡು ಮಾತಾಡಿ.