ಎಸ್ಸೆಸ್ಸೆಲ್ಸಿ ಗೆರೆಯ ಎರಡು ಬದಿ: ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಕುಶಲಕರ್ಮಿಗಳು ಮತ್ತು ವಿದೇಶದ ಕೆಲಸ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಂದಾಯದ ಲೆಕ್ಕದಲ್ಲಿ ತುಮಕೂರು ಜಿಲ್ಲೆಯ ತಾಲ್ಲೂಕುಗಳು. ಶಾಲಾ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಈ ನಾಲ್ಕೂ ಸೇರಿ ಮಧುಗಿರಿ ಎಂಬ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಈ ಜಿಲ್ಲೆಯ ಸ್ಥಾನದ ಬಗ್ಗೆ ಮಾತು ನಡೆಯುತ್ತದೆ. ಕೊಲ್ಲಿ ದೇಶಕ್ಕೆ ಹೊರಡುವ ಕುಶಲಕರ್ಮಿಗೆ ಸರ್ಕಾರದ ರಕ್ಷಣೆ ಎಷ್ಟು ದೊರೆಯುತ್ತದೆ ಎಂಬುದನ್ನೂ ಬಹುಮಟ್ಟಿಗೆ ಅದೇ ಫಲಿತಾಂಶ ತೀರ್ಮಾನಿಸುತ್ತದೆ. ಈ ಟಿಪ್ಪಣಿ ಆ ನಂಟನ್ನು ಪರಿಶೀಲಿಸುತ್ತದೆ.

1983ರ ವಲಸೆ ಕಾಯ್ದೆಯ ವ್ಯವಸ್ಥೆಯಲ್ಲಿ ಪಾಸ್‌ಪೋರ್ಟ್‌ಗಳು ಎರಡು ಬಗೆ. ಹತ್ತನೇ ತರಗತಿ ಪಾಸಾಗದವರದು ಸಾಮಾನ್ಯವಾಗಿ ಇಸಿಆರ್, ಅಂದರೆ ವಲಸೆ ತಪಾಸಣೆ ಬೇಕಾದದ್ದು. ಸೌದಿ ಅರೇಬಿಯಾ, ಕುವೈತ್, ಕತಾರ್, ಒಮಾನ್, ಯುಎಇ, ಮಲೇಷ್ಯಾ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಮಾತ್ರ ಈ ತಪಾಸಣೆ. ಹತ್ತನೇ ತರಗತಿ ಪಾಸಾದವರು ಇಸಿಎನ್‌ಆರ್, ಅಂದರೆ ಆ ತಪಾಸಣೆ ಬೇಡದವರು. ಪಾಸಾಗದಿದ್ದರೂ ಮಾನ್ಯತೆ ಪಡೆದ ಸಂಸ್ಥೆಯ ಎರಡು ವರ್ಷದ ವೃತ್ತಿ ಶಿಕ್ಷಣ ಮುಗಿಸಿದವರಿಗೆ ವಿನಾಯಿತಿಯಿದೆ.

ಈ ಗೆರೆ ಐಟಿಐ ಆವರಣದ ನಡುವೆಯೇ ಹಾದುಹೋಗುತ್ತದೆ. ಫಿಟ್ಟರ್, ಎಲೆಕ್ಟ್ರಿಷಿಯನ್ ಎರಡು ವರ್ಷದ ತರಬೇತಿಗಳು. ಸೇರಲು ಹತ್ತನೇ ತರಗತಿ ಪಾಸಾಗಿರಬೇಕು. ವೆಲ್ಡರ್, ಪ್ಲಂಬರ್ ಒಂದು ವರ್ಷದವು. ಎಂಟನೇ ತರಗತಿ ಸಾಕು. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ ವೆಲ್ಡಿಂಗ್ ಕಲಿತ ಹುಡುಗ ಇಸಿಆರ್. ಅದೇ ಸಂಸ್ಥೆಯ ಫಿಟ್ಟರ್ ಇಸಿಎನ್‌ಆರ್.

ಊರಿನ ಮಾತಿನಲ್ಲಿ ಇಸಿಆರ್ ಒಂದು ಕೊರತೆ. ಕಾನೂನಿನ ಬಗೆ ಬೇರೆ. ಇಸಿಆರ್ ಕಾರ್ಮಿಕನ ಉದ್ಯೋಗ ಒಪ್ಪಂದ ಇ–ಮೈಗ್ರೇಟ್ ವ್ಯವಸ್ಥೆಯಲ್ಲಿ ದಾಖಲಾಗಬೇಕು, ವಲಸಿಗರ ಸಂರಕ್ಷಣಾಧಿಕಾರಿಯ ಅನುಮತಿ ಬೇಕು. ಆ ಕಚೇರಿ ಬೆಂಗಳೂರಿನಲ್ಲಿದೆ. ಅಪಘಾತದ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿ ಕೊಡುವ ಪ್ರವಾಸಿ ಭಾರತೀಯ ಬಿಮಾ ಯೋಜನೆ ಅವನಿಗೆ ಕಡ್ಡಾಯ. ಇಸಿಎನ್‌ಆರ್ ಫಿಟ್ಟರ್‌ಗೆ ಇವು ಯಾವುವೂ ಕಡ್ಡಾಯವಲ್ಲ. ಪ್ರವಾಸಿ ವೀಸಾ ತೋರಿಸಿ 'ಅಲ್ಲಿ ಹೋದಮೇಲೆ ಕೆಲಸ' ಎನ್ನುವ ಮಧ್ಯವರ್ತಿಯ ಕೈಗೆ ಸಿಕ್ಕರೆ ಅವನನ್ನು ತಡೆದು ಕೇಳುವ ಹಂತವೇ ಇರುವುದಿಲ್ಲ. ಓದಿದವನು ತನ್ನ ಹಿತ ತಾನೇ ಕಾಯ್ದುಕೊಳ್ಳುತ್ತಾನೆಂಬ ನಂಬಿಕೆ ಈ ವಿಂಗಡಣೆಯ ತಳಹದಿ. ಮನೆಯಲ್ಲಿ ಮೊದಲ ಸಲ ಹತ್ತನೇ ತರಗತಿ ದಾಟಿದವನ ವಿಷಯದಲ್ಲಿ ಆ ನಂಬಿಕೆಗೆ ಆಧಾರ ಸಾಲದು.

ಎರಡನೆಯ ತೊಡಕು ಅನುಭವದ ದಾಖಲೆಯದು. ಪಾವಗಡದ ತಿರುಮಣಿ, ವಳ್ಳೂರು ಸುತ್ತಲಿನ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ವಿದ್ಯುತ್ ಪಾರ್ಕ್ ಇದೆ. ಇಂಥ ಕಡೆ ಕೇಬಲ್ ಜೋಡಣೆ, ಇನ್ವರ್ಟರ್ ನಿರ್ವಹಣೆ ಕಲಿತವನ ಕೈಯಲ್ಲಿ ಹೊರದೇಶಕ್ಕೂ ಬೇಕಾದ ವಿದ್ಯೆಯಿದೆ. ಆದರೆ ಉಪಗುತ್ತಿಗೆದಾರನಿಂದ ಹುದ್ದೆ, ಅವಧಿ, ಮಾಡಿದ ಕೆಲಸ ನಮೂದಿಸಿದ ಪತ್ರ, ಸಂಬಳದ ಚೀಟಿ ಪಡೆಯದಿದ್ದರೆ ಆಸ್ಟ್ರೇಲಿಯಾದ ಕೌಶಲ ಮೌಲ್ಯಮಾಪನದಲ್ಲಿ ಆ ವರ್ಷಗಳು ಲೆಕ್ಕಕ್ಕೆ ಬರುವುದಿಲ್ಲ. ಸೌದಿ ಅರೇಬಿಯಾ ವೆಲ್ಡರ್, ಪ್ಲಂಬರ್, ಎಲೆಕ್ಟ್ರಿಷಿಯನ್‌ಗಳಿಗೆ ವೀಸಾಗೆ ಮುನ್ನ ಭಾರತದಲ್ಲೇ ಕೌಶಲ ಪರೀಕ್ಷೆ ನಡೆಸುತ್ತಿದೆ.

ಎಂಜಿನಿಯರ್‌ಗಳಿಗೂ ಇಂಥದೇ ಗೆರೆಯಿದೆ. 2014ರ ಜೂನ್‌ನಲ್ಲಿ ಭಾರತ, ಎಂಜಿನಿಯರಿಂಗ್ ಪದವಿಗಳಿಗೆ ದೇಶಗಳು ಪರಸ್ಪರ ಮನ್ನಣೆ ಕೊಡುವ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯವಾಯಿತು. ಅದರ ಮನ್ನಣೆ ರಾಷ್ಟ್ರೀಯ ಮಾನ್ಯತಾ ಮಂಡಳಿಯ ಒಂದನೇ ಶ್ರೇಣಿಯ ಮಾನ್ಯತೆಯಿರುವ ಕೋರ್ಸ್‌ಗಳಿಗೆ ಮಾತ್ರ. ಕಾಲೇಜು ಆರಿಸುವಾಗಲೇ ಇದನ್ನು ನೋಡಬೇಕು. ಪದವಿ ಮುಗಿದ ಮೇಲೆ ತಿದ್ದಲು ಬರುವುದಿಲ್ಲ.

ಇಷ್ಟರಿಂದ ಹೊರಡುವ ಸಲಹೆಗಳು ಮೂರು. ಒಂದು, ನಾಲ್ಕೂ ತಾಲ್ಲೂಕುಗಳ ಐಟಿಐಗಳಲ್ಲಿ ಕೊನೆಯ ವರ್ಷ ವಲಸೆ ಕಾನೂನಿನ ಪಾಠ ನಡೆಯಬೇಕು: ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕ ಜಿಎಸ್‌ಟಿ ಬಿಟ್ಟು ಹೆಚ್ಚೆಂದರೆ 30,000 ರೂಪಾಯಿ ಎಂಬುದು ಪ್ರತಿ ವಿದ್ಯಾರ್ಥಿಗೂ ಗೊತ್ತಿರಬೇಕು. ಎರಡು, ಇಸಿಎನ್‌ಆರ್ ಆದವರಿಗೂ ಒಪ್ಪಂದದ ಪರಿಶೀಲನೆ ಮತ್ತು ವಿಮೆಯನ್ನು ಜಿಲ್ಲೆಯಲ್ಲೇ ಒದಗಿಸಬೇಕು. ಮೂರು, ಅನುಭವ ಪತ್ರ ನೀಡುವುದನ್ನು ಸ್ಥಳೀಯ ಗುತ್ತಿಗೆಗಳ ಷರತ್ತಾಗಿಸಬೇಕು. ವಲಸೆಗೆ ಪ್ರೋತ್ಸಾಹ ಕೊಡುವುದು ಇಲ್ಲಿನ ಉದ್ದೇಶವಲ್ಲ. ಮಳೆ ನೆಚ್ಚಿಕೊಳ್ಳಲಾಗದ ಸೀಮೆಯಿಂದ ಹೊರಡುವವನು ಸಾಲ ಮಾಡುವ ಮೊದಲೇ ತನ್ನ ಹಕ್ಕು ಏನೆಂದು ತಿಳಿದಿರಬೇಕು. ಆ ತಿಳಿವಳಿಕೆ ಕೊಡುವ ಹೊಣೆ ಅವನಿಗೆ ಕಸುಬು ಕಲಿಸಿದ ಸಂಸ್ಥೆಯದು.