ಗೋಣಿ ಸೊಪ್ಪಿನ ರಸ ಕುಡಿದರೆ ಕಿಡ್ನಿ ಕಲ್ಲು ಕರಗುತ್ತದೆಯೇ?

ಇಲ್ಲ. ಕಲ್ಲಿನ ತೊಂದರೆ ಇರುವವರಿಗೆ ಈ ರಸದಿಂದ ಅಪಾಯವೇ ಹೆಚ್ಚು.

ಹಿಂದಿನಿಂದ ಬಂದ ಬಳಕೆ
ಹೊಲ, ತೋಟಗಳಲ್ಲಿ ತಾನಾಗಿ ಹಬ್ಬುವ ಗೋಣಿ ಸೊಪ್ಪನ್ನು ನಾವು ಮಸ್ಸೊಪ್ಪು, ಬಸ್ಸಾರು, ಪಲ್ಯಕ್ಕೆ ಬಳಸುತ್ತೇವೆ. ದೇಹಕ್ಕೆ ತಂಪು, ಉರಿಮೂತ್ರಕ್ಕೆ ಒಳ್ಳೆಯದು ಎಂಬ ನಂಬಿಕೆಯೂ ಇದೆ. ಆದರೆ ಉರಿಮೂತ್ರ ಬೇರೆ, ಕಲ್ಲು ಬೇರೆ.

ನಿಜಾಂಶವೇನು?
ಕಿಡ್ನಿ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್‌ನಿಂದ ಆದವು. ಪಾಲಕ್‌ನಂತೆ ಗೋಣಿ ಸೊಪ್ಪಿನಲ್ಲೂ ಆಕ್ಸಲೇಟ್ ಬಹಳ ಇದೆ. ರಸ ಮಾಡಿದಾಗ ರಾಶಿ ಸೊಪ್ಪಿನ ಆಕ್ಸಲೇಟ್ ಒಂದೇ ಲೋಟದಲ್ಲಿ ಹೊಟ್ಟೆ ಸೇರುತ್ತದೆ. ಕಿಡ್ನಿ ದುರ್ಬಲವಾಗಿರುವವರಿಗೆ ಇದು ಇನ್ನಷ್ಟು ಹಾನಿ ಮಾಡಬಹುದು.

ಹಾಗಾದರೆ ತಿನ್ನಬಾರದೇ?
ಆರೋಗ್ಯವಂತರು ಹಿತಮಿತವಾಗಿ ಧಾರಾಳವಾಗಿ ತಿನ್ನಬಹುದು. ಸೊಪ್ಪುಗಳಲ್ಲಿ ಅಪರೂಪವೆನ್ನುವಷ್ಟು ಒಮೆಗಾ-3 ಕೊಬ್ಬು ಇದರಲ್ಲಿದೆ: 100 ಗ್ರಾಂ ಹಸಿ ಸೊಪ್ಪಿನಲ್ಲಿ ಸುಮಾರು 300ರಿಂದ 400 ಮಿಲಿಗ್ರಾಂ. ಬೇಯಿಸಿ ನೀರು ಬಸಿದರೆ ಆಕ್ಸಲೇಟ್ ಕಡಿಮೆಯಾಗುತ್ತದೆ. ಮೊಸರಿನ ಜೊತೆ ತಿಂದರೆ ಅದರ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಕೊಳ್ಳುತ್ತದೆ.

ನೆನಪಿಡಿ
ಬಸಿದ ಕಟ್ಟಿನಲ್ಲೂ ಆಕ್ಸಲೇಟ್ ಇರುತ್ತದೆ. ಹಾಗಾಗಿ ಕಲ್ಲಿನ ತೊಂದರೆ ಇರುವವರಿಗೆ ಈ ಸೊಪ್ಪಿನ ಬಸ್ಸಾರು ಬೇಡ. ಸೊಂಟದ ಪಕ್ಕದಲ್ಲಿ ತೀವ್ರ ನೋವು, ಮೂತ್ರದಲ್ಲಿ ರಕ್ತ ಅಥವಾ ಚಳಿಜ್ವರ ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಿ. 'ರಸ ಕುಡಿಯಿರಿ' ಎಂಬ ಮೆಸೇಜ್ ಬಂದರೆ ಫಾರ್ವರ್ಡ್ ಮಾಡಬೇಡಿ.