‘ಪಾಸ್’ ಎಂಬ ಕ್ರಿಯಾಪದದ ಇತಿಹಾಸ

ಇಂಗ್ಲಿಷ್ ಅಕ್ಷರವನ್ನೇ ಕಾಣದ ತಾಯಿಯೂ ಬಲ್ಲ ಇಂಗ್ಲಿಷ್ ಕ್ರಿಯಾಪದವೊಂದಿದ್ದರೆ ಅದು ‘ಪಾಸ್’. “ಹುಡುಗ ಪಾಸಾದನೇ?” ಎಂದು ಆಕೆ ಕೇಳುವಾಗ ಅದಕ್ಕೆ ಇರುವುದು ಒಂದೇ ಅರ್ಥ. ಆದರೆ ಪರೀಕ್ಷೆಯು ಆ ಪದದ ಮೂಲಾರ್ಥವಲ್ಲವೆಂಬುದನ್ನು ವಿದ್ಯಾರ್ಥಿಗಳು ಅರಿಯುವುದು ಅವಶ್ಯ.

ಲ್ಯಾಟಿನ್ ಭಾಷೆಯಲ್ಲಿ ‘ಪಾಸುಸ್’ ಎಂದರೆ ಹೆಜ್ಜೆ. ಅದರಿಂದ ಹುಟ್ಟಿ, ದಾಟು, ಮುಂದೆ ಸಾಗು ಎಂಬ ಅರ್ಥ ತಳೆದ ಕ್ರಿಯಾಪದವು ಫ್ರೆಂಚಿಗೆ ಬಂದಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ತರುವಾಯ ಫ್ರೆಂಚು ಅಲ್ಲಿಯ ಅರಮನೆಯ ನುಡಿಯಾಯಿತು. ಅದರೊಡನೆ ಈ ಪದವೂ ಇಂಗ್ಲಿಷನ್ನು ಹೊಕ್ಕಿತು. ನಮಗಿದು ಅಪರಿಚಿತವಾದ ಕಥೆಯಲ್ಲ. ಹೈದರಾಬಾದು ಸಂಸ್ಥಾನದಲ್ಲಿ ಮೊದಲು ಪಾರಸಿಯೂ 1884ರಿಂದ ಉರ್ದುವೂ ಆಡಳಿತ ಭಾಷೆಗಳಾಗಿದ್ದುದರಿಂದಲೇ ಅರ್ಜಿ, ಮಂಜೂರು, ತಹಸೀಲು ಮೊದಲಾದುವು ನಮ್ಮ ಕನ್ನಡದಲ್ಲಿ ಬೇರೂರಿದುವು.

‘ದಾಟು’ ಎಂಬ ಬೀಜಾರ್ಥವನ್ನು ಹಿಡಿದರೆ ಈ ಪದದ ಕೊಂಬೆಗಳೆಲ್ಲ ತಾವಾಗಿ ತಿಳಿಯುವುವು. ಉಪ್ಪನ್ನು ‘ಪಾಸ್’ ಮಾಡುವುದೆಂದರೆ ಕೈಯಿಂದ ಕೈಗೆ ದಾಟಿಸುವುದು. ಕಾಲ ‘ಪಾಸ್’ ಆಗುವುದೆಂದರೆ ಸರಿಯುವುದು. ‘ಹಾಫ್ ಪಾಸ್ಟ್ ಟೆನ್’ ಎಂಬಲ್ಲಿಯ ‘ಪಾಸ್ಟ್’ ಇದೇ ಕ್ರಿಯಾಪದದ ಭೂತರೂಪ. ಹತ್ತನ್ನು ದಾಟಿ ಅರ್ಧ ಗಂಟೆಯಾಯಿತೆಂದು ಅದರ ತಾತ್ಪರ್ಯ. ‘ಪಾಸ್‌ಪೋರ್ಟ್’ ಗಡಿ ದಾಟಲು ಕೊಡುವ ಅಪ್ಪಣೆಯ ಪತ್ರ. ಮುಂಬಯಿ ಮತ್ತು ಮದರಾಸುಗಳ ರೈಲುದಾರಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದುವಷ್ಟೆ; ಆ ದಾರಿಯಲ್ಲಿ ನಮ್ಮ ಕೃಷ್ಣಾ ನಿಲ್ದಾಣದಲ್ಲಿ ನಿಲ್ಲದೆ ಹೊಳೆಯತ್ತ ಸಾಗುವ ಗಾಡಿಯೂ ನಿಲ್ದಾಣವನ್ನು ‘ಪಾಸ್’ ಮಾಡುತ್ತದೆ.

ಶಾಸನಸಭೆಯಲ್ಲಿ ಮಸೂದೆಯೂ ‘ಪಾಸ್’ ಆಗುತ್ತದೆ, ಎಂದರೆ ಚರ್ಚೆಯ ಹಂತಗಳನ್ನು ದಾಟಿ ಕಾಯಿದೆಯಾಗುತ್ತದೆ. 1956ರಲ್ಲಿ ಸಂಸತ್ತು ರಾಜ್ಯ ಪುನರ್ವಿಂಗಡಣೆಯ ಮಸೂದೆಯನ್ನು ಹೀಗೆ ‘ಪಾಸ್’ ಮಾಡಿತು. ಅದೇ ವರ್ಷ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆ ಜಿಲ್ಲೆಯ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಆಂಧ್ರ ಪ್ರದೇಶದಲ್ಲಿ ಉಳಿದುವು. ಮಹಬೂಬನಗರ ಜಿಲ್ಲೆಯಲ್ಲಿದ್ದ ಮಕ್ತಲ, ನಾರಾಯಣಪೇಟೆಗಳೂ ಆಂಧ್ರದಲ್ಲಿಯೇ ಇದ್ದು, 2014ರಲ್ಲಿ ತೆಲಂಗಾಣದ ಭಾಗಗಳಾದುವು. ಮನೆಯ ನುಡಿ ಗಡಿಯನ್ನು ಕೇಳಿ ಬದಲಾಗುವುದಿಲ್ಲ. ಆದುದರಿಂದಲೇ ಇಂದಿಗೂ ಹೊಳೆಯ ಈ ದಡದಲ್ಲಿ ಕನ್ನಡ ಶಾಲೆಗಳಿವೆ.

ಈ ಶಾಲೆಗಳ ಮಕ್ಕಳು ಕನ್ನಡದೊಡನೆ ತೆಲುಗು, ಇಂಗ್ಲಿಷುಗಳನ್ನೂ ಕಲಿಯಬೇಕಾಗಿದೆ. ಹೀಗಿರುವಾಗ ‘ಪಾಸ್ ಎಂದರೆ ತೇರ್ಗಡೆ’ ಎಂದು ಒಂದೇ ಅರ್ಥವನ್ನು ಬಾಯಿಪಾಠ ಮಾಡಿಸಿದರೆ, ಉಳಿದ ವಾಕ್ಯಗಳೆಲ್ಲ ಅವರಿಗೆ ಒಗಟಾಗುವುವು. ಬೀಜಾರ್ಥವನ್ನು ತಾಯ್ನುಡಿಯಲ್ಲಿ ತಿಳಿಸಿದರೆ ಹತ್ತು ಪ್ರಯೋಗಗಳು ಒಮ್ಮೆಗೇ ಕೈಗೆ ಬರುವುವು. ಕನ್ನಡವು ಇಂಗ್ಲಿಷಿಗೆ ಅಡ್ಡಿಯಲ್ಲ, ಸೇತುವೆ.

ನಾವು ಅಂಕಪಟ್ಟಿಯಲ್ಲಿ ಬರೆಯುವ ‘ಉತ್ತೀರ್ಣ’ ಎಂಬ ಸಂಸ್ಕೃತ ಪದಕ್ಕೂ ದಾಟಿದವನೆಂದೇ ಅರ್ಥ. ತೀರ, ತೀರ್ಥ ಎಂಬುವು ಅದೇ ಧಾತುವಿನಿಂದ ಬಂದುವು. ಹೊಳೆಯ ದಡದಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂವತ್ತೈದು ಅಂಕ ಪಡೆದವನು ‘ಪಾಸ್’ ಆದನೆಂದು ಪಟ್ಟಿ ಹೇಳಬಹುದು. ಅವನು ನಿಜವಾಗಿ ದಾಟಿರುವನೇ ಎಂಬುದನ್ನು ನೋಡಬೇಕಾದವರು ಉಪಾಧ್ಯಾಯರಾದ ನಾವು.